ಸಂವಿಧಾನ ತಿದ್ದಿದರೆ ಬಂದೂಕು ಕೆಳಗಿಳಿಯುತ್ತದೆಯೇ? ಪರ–ವಿರೋಧ

ಸಶಸ್ತ್ರ ಸಂಘರ್ಷ ನಿಲ್ಲಿಸಲು ಸಂವಿಧಾನದ ಸುಧಾರಣೆ ತಕ್ಕ ದಾರಿಯೇ ಎಂಬುದು ಈ ಸಲದ ಪ್ರಶ್ನೆ. ಹೌದು ಎಂದು ಬರೆದವರು ರಾಯಚೂರಿನ ನಿವೃತ್ತ ರಾಜ್ಯಶಾಸ್ತ್ರ ಉಪನ್ಯಾಸಕಿ. ಇಲ್ಲ ಎಂದು ಬರೆಯುವ ಪಾಳಿ ಬಳ್ಳಾರಿಯ ವಕೀಲರೊಬ್ಬರಿಗೆ ಬಂತು.

ಪರ: ಜಾಗ ಮಾಡಿಕೊಡಿ, ಬರುತ್ತಾರೆ

ಸಿಂಧನೂರಿನ ಆರ್.ಎಚ್. ಕ್ಯಾಂಪುಗಳ ಕಡೆ ಹೋದರೆ ಭತ್ತದ ಗದ್ದೆಗಳ ನಡುವೆ ಇದ್ದಕ್ಕಿದ್ದಂತೆ ಬಂಗಾಳಿ ಕಿವಿಗೆ ಬೀಳುತ್ತದೆ. ಪೂರ್ವ ಪಾಕಿಸ್ತಾನ ಬಿಟ್ಟು ಬಂದ ಕುಟುಂಬಗಳಿಗೆ ಸರ್ಕಾರ ಅಲ್ಲಿ ನೆಲ ಕೊಟ್ಟಿತು. ಅವರ ಮಕ್ಕಳು ನನ್ನ ತರಗತಿಯಲ್ಲಿ ಕೂತು ಕನ್ನಡದಲ್ಲೇ ಪರೀಕ್ಷೆ ಬರೆದು ಪಾಸಾದರು. ಅವರು ಬಿಟ್ಟು ಬಂದ ನಾಡು ಮುಂದೆ ಒಡೆದದ್ದು ಹೇಗೆ ಎಂದು ಕೇಳಿ ನೋಡಿ, ಎಲ್ಲರೂ ಯುದ್ಧದ ಕಥೆ ಹೇಳುತ್ತಾರೆ: ಮಾಣೆಕ್‌ಷಾ, ಹದಿಮೂರು ದಿನ, ಢಾಕಾದಲ್ಲಿ ಶರಣಾಗತಿ. ನನ್ನ ಪಾಠದಲ್ಲಿ ಆ ಕಥೆ ಸುರುವಾಗುತ್ತಿದ್ದುದು ಕೂಡದೇ ಹೋದ ಒಂದು ಸಭೆಯಿಂದ.

1966ರಲ್ಲಿ ಪೂರ್ವ ಪಾಕಿಸ್ತಾನದ ನಾಯಕ ಶೇಖ್ ಮುಜೀಬುರ್ ರೆಹಮಾನ್ ಮುಂದಿಟ್ಟ ಆರು ಅಂಶಗಳನ್ನು ಓದಿದವರು ಕಡಿಮೆ. ಒಕ್ಕೂಟ ವ್ಯವಸ್ಥೆ ಇರಲಿ, ತೆರಿಗೆ ಹಾಕುವ ಅಧಿಕಾರ ಪ್ರಾಂತಕ್ಕೆ ಬರಲಿ, ಎರಡು ಭಾಗಗಳ ವಿದೇಶಿ ವಿನಿಮಯಕ್ಕೆ ಬೇರೆ ಬೇರೆ ಲೆಕ್ಕ ಇರಲಿ. ಬೇರೆ ದೇಶದ ಮಾತೇ ಅದರಲ್ಲಿಲ್ಲ. 1970ರ ಡಿಸೆಂಬರಿನಲ್ಲಿ ಚುನಾವಣೆ ನಡೆದು ಪೂರ್ವದ 162 ಸ್ಥಾನಗಳಲ್ಲಿ 160 ಅವರ ಪಕ್ಷ ಅವಾಮಿ ಲೀಗಿಗೆ ಬಂದವು. ಆರಿಸಿ ಬಂದವರ ಮೊದಲ ಕೆಲಸವೇ ಹೊಸ ಸಂವಿಧಾನ ಬರೆಯುವುದಾಗಿತ್ತು. ಪಾಕಿಸ್ತಾನದ ಸೇನಾ ಆಡಳಿತಗಾರ ಯಾಹ್ಯಾ ಖಾನ್ 1971ರ ಮಾರ್ಚ್ 1ರಂದು ಆ ಸಭೆಯನ್ನೇ ಮುಂದೂಡಿದರು. ಮಾರ್ಚ್ 25ರ ರಾತ್ರಿ ಢಾಕಾದ ಬೀದಿಗೆ ಟ್ಯಾಂಕುಗಳು ಇಳಿದವು. ಆಮೇಲೆ ಗಡಿ ದಾಟಿದ ಜನ ಲಕ್ಷ ಲಕ್ಷ.

ಶ್ರೀಲಂಕಾದ್ದೂ ಇದೇ ಜಾತಿಯ ಕಥೆ. ಅಲ್ಪಸಂಖ್ಯಾತರಿಗೆ ಹಳೆಯ ಸಂವಿಧಾನದ 29ನೇ ಕಲಂ ಕೊಟ್ಟಿದ್ದ ರಕ್ಷಣೆಯನ್ನು 1972ರ ಸಂವಿಧಾನ ಕೈಬಿಟ್ಟಿತು. ನಾಲ್ಕೇ ವರ್ಷದಲ್ಲಿ ತಮಿಳು ಮುಖಂಡರು ವಟ್ಟುಕೋಟ್ಟೈಯಲ್ಲಿ ಸೇರಿ ಬೇರೆ ದೇಶವೇ ಬೇಕೆಂದು ನಿರ್ಣಯ ಮಾಡಿದರು. 1987ರಲ್ಲಿ 13ನೇ ತಿದ್ದುಪಡಿ ತರುವ ಹೊತ್ತಿಗೆ ಹೊತ್ತು ಮೀರಿತ್ತು. ತಂದ ಮೇಲೂ ಪ್ರಾಂತಗಳಿಗೆ ಪೊಲೀಸ್ ಮತ್ತು ನೆಲದ ಅಧಿಕಾರ ಬಿಟ್ಟುಕೊಡಲಿಲ್ಲ.

ವರ್ಷ ವರ್ಷ ನಾನು ಹೇಳಿದ ಮಾತು ಇಷ್ಟೇ. ನೆಲ, ಭಾಷೆ, ಓಟು, ಈ ಮೂರರಲ್ಲಿ ಯಾವುದಕ್ಕೋ ದೇಶದ ಮೂಲ ಕಾನೂನಿನಲ್ಲಿ ಜಾಗ ಇಲ್ಲ ಎಂದು ಖಾತ್ರಿಯಾದ ಮೇಲೆ ಜನ ಕಾಡು ಸೇರುತ್ತಾರೆ. ಜಾಗ ಮಾಡಿಕೊಡದೆ ಎಷ್ಟು ಪಡೆ ಕಳಿಸಿದರೂ ಊರು ಸದ್ದಡಗಿ ಕೂತೀತು, ಸಿಟ್ಟು ಇಳಿಯದು.

ಮಿಜೋರಾಮನ್ನೇ ನೋಡಿ. 1959ರ ಸುಮಾರಿಗೆ ಆ ಗುಡ್ಡಗಳಲ್ಲಿ ಬಿದಿರು ಹೂಬಿಟ್ಟಿತು, ಇಲಿ ಹೆಚ್ಚಿ ಬೆಳೆ ತಿಂದವು, ಬರ ಬಿತ್ತು. ಆಗಿನ ಅಸ್ಸಾಂ ಸರ್ಕಾರ ಕಿವಿಗೆ ಹಾಕಿಕೊಳ್ಳಲಿಲ್ಲ. ಬರ ಪರಿಹಾರಕ್ಕೆಂದು ಕಟ್ಟಿಕೊಂಡ ಸಂಘವೇ ಮಿಜೋ ನ್ಯಾಷನಲ್ ಫ್ರಂಟ್ ಆಯಿತು. 1966ರ ಮಾರ್ಚ್ 1ರಂದು ಅದು ಸ್ವಾತಂತ್ರ್ಯ ಸಾರಿತು. ಕೆಲವೇ ದಿನದಲ್ಲಿ ನಮ್ಮದೇ ವಾಯುಪಡೆಯ ವಿಮಾನಗಳು ಐಜಾಲ್ ಮೇಲೆ ದಾಳಿ ಮಾಡಿದವು. ಮರುವರ್ಷದಿಂದ ಹಳ್ಳಿ ಹಳ್ಳಿಗಳನ್ನೇ ಖಾಲಿ ಮಾಡಿಸಿ ರಸ್ತೆಬದಿಯ ಕೇಂದ್ರಗಳಿಗೆ ಸಾಗಿಸಿದರು. ಇಪ್ಪತ್ತು ವರ್ಷ ಹೀಗೇ ನಡೆಯಿತು. ಕೊನೆಗೆ 1986ರ ಜೂನ್ 30ರಂದು ಒಪ್ಪಂದ, ಅದರ ಬೆನ್ನಿಗೇ 53ನೇ ತಿದ್ದುಪಡಿ, ಸಂವಿಧಾನದಲ್ಲಿ 371ಜಿ ವಿಧಿ. ಮಿಜೋಗಳ ಧರ್ಮ, ರೂಢಿ, ಸಂಪ್ರದಾಯದ ಕಾನೂನು, ನೆಲದ ಒಡೆತನ, ಇವುಗಳ ಬಗ್ಗೆ ಸಂಸತ್ತು ಕಾಯ್ದೆ ಮಾಡಿದರೂ ಅಲ್ಲಿನ ವಿಧಾನಸಭೆ ಒಪ್ಪದೆ ಅದು ಅಲ್ಲಿ ನಡೆಯುವುದಿಲ್ಲ. 1987ರ ಫೆಬ್ರುವರಿ 20ರಂದು ರಾಜ್ಯವಾಯಿತು, ಬಂಡಾಯದ ನಾಯಕ ಲಾಲ್‌ಡೆಂಗಾ ಮುಖ್ಯಮಂತ್ರಿ. ಅಂದಿನಿಂದ ಆ ಯುದ್ಧ ಮರಳಿ ಬಂದಿಲ್ಲ.

ಇದು ನನಗೆ ಪುಸ್ತಕದಲ್ಲೇ ಉಳಿಯಬಹುದಾಗಿದ್ದ ವಿಷಯ. ಆದರೆ ಇಲ್ಲಿನ ಕೃಷಿ ವಿಶ್ವವಿದ್ಯಾಲಯಕ್ಕೆ ಓದಲು ಬಂದ ಮಿಜೋ ಹುಡುಗಿಯೊಬ್ಬಳು ನಮ್ಮ ಮಹಡಿಮನೆಗೆ ಬಾಡಿಗೆಗೆ ಬಂದಳು. ರಾಯಚೂರಿನ ಬಿಸಿಲಿಗೆ ಮುಖಕ್ಕೆ ಒದ್ದೆ ಬಟ್ಟೆ ಸುತ್ತಿಕೊಂಡು ಓಡಾಡುತ್ತಿದ್ದಳು. ಸಂತೆಯಲ್ಲಿ ಪುಂಡಿಪಲ್ಲೆ ಕಂಡು "ಆಂಟಿ, ಇದನ್ನ ನಮ್ಮೂರಲ್ಲೂ ತಿಂತೀವಿ" ಎಂದು ಕುಣಿದು ಎರಡು ಸೂಡು ತಂದಳು. ಒಂದು ಜೂನ್ 30ರ ಸಂಜೆ ಅದೇ ಸೊಪ್ಪು ಹಾಕಿ ಬಾಯ್ ಎನ್ನುವ ಸಾರು ಮಾಡಿ ಕೆಳಗೆ ತಂದಿಟ್ಟಳು. ನಮ್ಮಲ್ಲಿ ಮೀನು ಬೇಡವೆಂದು ಮೊದಲೇ ಹೇಳಿದ್ದೆ. ನನಗೆಂದು ಬೇರೆ ಪಾತ್ರೆಯಲ್ಲಿ ಮಾಡಿದ್ದಳು. ಅವಳ ಪಾತ್ರೆಯ ವಾಸನೆ ಮೆಟ್ಟಿಲಿಳಿದು ಬಂದರೂ ನಾನು ಮೂಗಿಲ್ಲದವಳಂತೆ ಕೂತೆ. ಏನು ವಿಶೇಷ ಅಂದೆ. "ರೆಮ್ನಾ ನಿ, ಶಾಂತಿಯ ದಿನ" ಅಂದಳು. ಅವಳ ಅಜ್ಜ ಬಂದೂಕು ಹೊತ್ತು ಪೂರ್ವ ಪಾಕಿಸ್ತಾನಕ್ಕೆ ದಾಟಿದವನು. ಅಜ್ಜಿಯ ಊರನ್ನು ಸುಟ್ಟು ಜನರನ್ನು ರಸ್ತೆಬದಿಗೆ ತಂದಿದ್ದರು. ಆ ಮನೆಯ ಮಗ, ಅಂದರೆ ಇವಳಪ್ಪ, ಸರ್ಕಾರಿ ಶಾಲೆಯ ಮೇಷ್ಟ್ರು. ಯಾವ ಸರ್ಕಾರ ಎಂದು ಬಿಡಿಸಿ ಹೇಳಬೇಕೇ? ಅಜ್ಜ ಸಾಯುವವರೆಗೂ ಓಟು ತಪ್ಪಿಸಲಿಲ್ಲವಂತೆ. ಆಮೇಲೆ ಅವಳು ನಮ್ಮ ಸೆಪ್ಟೆಂಬರ್ 17ರ ಬಗ್ಗೆ, ಅಂದರೆ ನಿಜಾಮನ ಆಳ್ವಿಕೆಯಿಂದ ವಿಮೋಚನೆಯಾದ ದಿನದ ಬಗ್ಗೆ ಕೇಳಿದಳು. ನಾವು ಸೈನ್ಯ ಗೆದ್ದ ದಿನ ಧ್ವಜ ಹಾರಿಸುತ್ತೇವೆ, ಅವರು ಸಹಿ ಬಿದ್ದ ದಿನ ಅಡುಗೆ ಮಾಡುತ್ತಾರೆ ಎನ್ನುವುದು ಆವರೆಗೆ ನನಗೆ ಹೊಳೆದಿರಲಿಲ್ಲ.

ನೇಪಾಳದಲ್ಲಿ 1996ರಿಂದ ಹತ್ತು ವರ್ಷ ಯುದ್ಧ, 17 ಸಾವಿರದಷ್ಟು ಸಾವು. ಮಾವೋವಾದಿಗಳು ಬಿಡದೆ ಹಿಡಿದದ್ದು ಒಂದೇ ಬೇಡಿಕೆ: ಸಂವಿಧಾನ ಸಭೆ ಕರೆಯಿರಿ. ಕರೆದರು. 601 ಜನರ ಸಭೆಯಲ್ಲಿ ನಿನ್ನೆಯ ಬಂಡಾಯಗಾರರದೇ ದೊಡ್ಡ ಪಕ್ಷ. 2008ರ ಮೇ 28ರಂದು ಮೊದಲ ಬೈಠಕ್ಕಿನಲ್ಲೇ ಅರಸೊತ್ತಿಗೆ ಹೋಯಿತು. ಐರ್ಲೆಂಡ್ ಮಾಡಿದ್ದು ಇದಕ್ಕಿಂತ ಕಷ್ಟದ ಕೆಲಸ. ಇಡೀ ದ್ವೀಪ ತನ್ನದೆಂದು ಸಂವಿಧಾನದಲ್ಲೇ ಬರೆದುಕೊಂಡಿತ್ತು. 1998ರಲ್ಲಿ ಆ ಎರಡು ವಿಧಿಗಳನ್ನು ಬದಲಿಸಲು ಮತ ಹಾಕಿದವರಲ್ಲಿ ಶೇ 94 ಜನ ಒಪ್ಪಿದರು. ಉತ್ತರ ಐರ್ಲೆಂಡ್ ಬ್ರಿಟನ್ನಿನದೋ ಐರ್ಲೆಂಡಿನದೋ ಎಂದು ಸುಮಾರು 3,500 ಜನ ಸತ್ತ ಜಗಳ ಅದು.

ಈಗ ಎದುರು ಪಕ್ಷದವರು ಏನು ಹೇಳುತ್ತಾರೆಂದು ಗೊತ್ತಿದೆ: ನಾಗಾಲ್ಯಾಂಡ್, ನಾಗಾಲ್ಯಾಂಡ್, ಅಲ್ಲೂ ಇಂಥದೇ ವಿಧಿ ಕೊಟ್ಟರೂ ಬಂದೂಕು ನಿಲ್ಲಲಿಲ್ಲ. ಒಬ್ಬ ಹುಡುಗ ಫೇಲಾದನೆಂದು ಶಾಲೆಗೇ ಬೀಗ ಹಾಕುವವರು ಇವರು. ಟಿ.ವಿ. ಮುಂದೆ ಕೂತು ಮಂಡಕ್ಕಿ ಮಿರ್ಚಿ ತಿನ್ನುತ್ತ "ಹೊಡೆದು ಹಾಕ್ರಿ ಎಲ್ಲರನ್ನ" ಎನ್ನುವವರಿಗೆ ಐಜಾಲಿನಲ್ಲಿ ಹೊಡೆದು ನೋಡಿದ್ದೂ ಇಪ್ಪತ್ತು ವರ್ಷ ಕಾದದ್ದೂ ನೆನಪಿರುವುದಿಲ್ಲ. ಹಾಗಾದರೆ ನಕ್ಸಲರಿಗೂ ಒಂದು ವಿಧಿ ಕೊಡ್ತೀರೇನ್ರಿ ಎಂದು ಹಳೆಯ ಸಹೋದ್ಯೋಗಿಯೊಬ್ಬರು ಕಿಚಾಯಿಸಿದರು. ಹೊಸದಾಗಿ ಕೊಡುವುದೇನು, ಆದಿವಾಸಿ ನೆಲಕ್ಕಾಗಿ ಐದನೇ ಅನುಸೂಚಿ 1950ರಿಂದ ಸಂವಿಧಾನದಲ್ಲೇ ಇದೆಯಲ್ಲ ಅಂದೆ.

ನಮ್ಮ ಪಕ್ಕದ ತೆಲಂಗಾಣಕ್ಕೇ ಬರೋಣ. 1946ರಿಂದ ಅಲ್ಲಿ ರೈತರು ನಿಜಾಮನ ಜಾಗೀರುದಾರರ ವಿರುದ್ಧ, ಆಮೇಲೆ ಭಾರತದ ಸೈನ್ಯದ ವಿರುದ್ಧವೂ ಬಂದೂಕು ಹಿಡಿದರು. 1951ರಲ್ಲಿ ಹೋರಾಟ ನಿಂತಿತು. ಮರುವರ್ಷವೇ ಹೊಸ ಸಂವಿಧಾನದ ಕೆಳಗೆ ಮೊದಲ ಚುನಾವಣೆ. ಕೂಲಿಯವನಿಗೂ ಒಂದು ಓಟು, ದೇಶಮುಖನಿಗೂ ಒಂದೇ. ಆ ಹೋರಾಟದ ಮುಂದಾಳು ರಾವಿ ನಾರಾಯಣ ರೆಡ್ಡಿ ನಲ್ಗೊಂಡದಿಂದ ನಿಂತು ನೆಹರೂ ಅವರಿಗಿಂತ ಹೆಚ್ಚು ಮತ ಪಡೆದು ಲೋಕಸಭೆಗೆ ಹೋದರು. ನಮ್ಮ ಕೊಪ್ಪಳ ಸೀಮೆಯಲ್ಲಿ ನಿಜಾಮನ ಪರ ಬಂದೂಕು ಹಿಡಿದ ರಜಾಕಾರರ ವಿರುದ್ಧ ಮುಂಡರಗಿ ಶಿಬಿರ ಕಟ್ಟಿದ ಅಳವಂಡಿ ಶಿವಮೂರ್ತಿಸ್ವಾಮಿಗಳೂ ಅದೇ ಲೋಕಸಭೆಯಲ್ಲಿದ್ದರು.

ವಿರೋಧ: ಒಪ್ಪಂದ ಬೇರೆ, ವಿಧಿ ಬೇರೆ

ನನಗೆ "ವಿರೋಧ" ಬರೆಯಿರಿ ಅಂದರು. "ಪರ" ಕೊಟ್ಟಿದ್ದರೂ ಬರೆಯುತ್ತಿದ್ದೆ. ವಕಾಲತ್ತಿಗೆ ಸಹಿ ಹಾಕಿದ ಮೇಲೆ ಕಕ್ಷಿದಾರನ ಕಡೆಯೇ ನಮ್ಮ ಕಡೆ. ಸಂವಿಧಾನದ ಬಗ್ಗೆ ನನಗೆ ಗೌರವ ಕಡಿಮೆಯೇನಿಲ್ಲ, ಅದರಿಂದಲೇ ಅನ್ನ ತಿನ್ನುತ್ತಿದ್ದೇನೆ. ಆದರೆ ಪುಸ್ತಕಕ್ಕೆ ಒಂದು ಪ್ಯಾರಾ ಸೇರಿಸಿದರೆ ಕಾಡಿನಲ್ಲಿ ಕೂತವನು ಅದನ್ನೋದಿ ಕಣ್ಣೀರು ಸುರಿಸಿ ಇಳಿದು ಬರುತ್ತಾನೆ ಎಂದು ನಂಬಿದವರಿದ್ದಾರಲ್ಲ, ಅವರಿಗೆ ಎರಡು ಮಾತು.

ಪರ ಬರೆಯುವವರು ಮಿಜೋರಾಮನ್ನು ಎತ್ತೇ ಎತ್ತುತ್ತಾರೆ. ಎತ್ತಲಿ. 371ಜಿ ವಿಧಿಯ ಪಕ್ಕದಲ್ಲಿ ನಾಗಾಲ್ಯಾಂಡಿನ 371ಎ ಇಟ್ಟು ಓದಿ. ಧರ್ಮ, ರೂಢಿ, ಸಂಪ್ರದಾಯದ ಕಾನೂನು, ನೆಲ, ಎಲ್ಲವೂ ಹೆಚ್ಚು ಕಡಿಮೆ ಅದೇ ಸಾಲುಗಳು. ನಾಗಾಲ್ಯಾಂಡಿಗೆ ನೆಲದ ಜೊತೆ ಅದರ ಸಂಪನ್ಮೂಲದ ಮಾತೂ ಇದೆ, ಮಿಜೋರಾಮಿಗೆ ಅಷ್ಟಿಲ್ಲ. ಅದಿರಿನ ಲಾರಿ ನೋಡಿ ಬೆಳೆದ ಬಳ್ಳಾರಿಯವನಿಗೆ ಅದೆಷ್ಟು ದೊಡ್ಡ ಕೊಡುಗೆ ಎಂದು ಬೇರೆ ಹೇಳಬೇಕಿಲ್ಲ. ಹೆಚ್ಚು ಕೊಟ್ಟದ್ದು ನಾಗಾಲ್ಯಾಂಡಿಗೆ, ಮೊದಲು ಕೊಟ್ಟದ್ದೂ ಅದಕ್ಕೇ: 1962ರ 13ನೇ ತಿದ್ದುಪಡಿ, 1963ರ ಡಿಸೆಂಬರ್ 1ಕ್ಕೆ ರಾಜ್ಯ. ಬಂದೂಕು ನಿಂತಿತೇ? 1975ರಲ್ಲಿ ಶಿಲ್ಲಾಂಗ್ ಒಪ್ಪಂದ ಆಯಿತು, ಅದನ್ನು ಒಪ್ಪದವರು 1980ರಲ್ಲಿ ಎನ್‌ಎಸ್‌ಸಿಎನ್ ಎಂಬ ಹೊಸ ಬಂಡಾಯ ಸಂಘಟನೆ ಕಟ್ಟಿದರು, ಕದನವಿರಾಮಕ್ಕೆ 1997 ಬರಬೇಕಾಯಿತು. ವಿಧಿ ಒಂದೇ ಅಚ್ಚಿನದು, ಫಲ ಬೇರೆ. ಅಂದರೆ ಫಲ ಕೊಟ್ಟದ್ದು ವಿಧಿಯಲ್ಲ.

ಮಿಜೋರಾಮಿನಲ್ಲಿ ಕೆಲಸ ಮಾಡಿದ್ದು ಯಾವುದು? 1971ರಲ್ಲಿ ಬಾಂಗ್ಲಾದೇಶ ಹುಟ್ಟಿ ಬಂಡಾಯಗಾರರ ನೆಲೆ ಹೋಯಿತು. ಇಪ್ಪತ್ತು ವರ್ಷದಲ್ಲಿ ಎರಡೂ ಕಡೆ ದಣಿದಿದ್ದರು. ಎಲ್ಲಕ್ಕಿಂತ ಮಿಗಿಲಾಗಿ, ಮುಖ್ಯಮಂತ್ರಿಯಾಗಿದ್ದ ಕಾಂಗ್ರೆಸ್ಸಿನ ಲಾಲ್ ಥನ್ಹಾವ್ಲಾ ಕುರ್ಚಿ ಬಿಟ್ಟು ಲಾಲ್‌ಡೆಂಗಾಗೆ ಕೊಟ್ಟರು. ಕುರ್ಚಿ ಬಿಡಿ ಎಂದು ಸಂವಿಧಾನದ ಯಾವ ವಿಧಿಯೂ ಹೇಳುವುದಿಲ್ಲ. ನಮ್ಮ ರಾಜ್ಯದಲ್ಲಿ ಎಷ್ಟು ಮುಖ್ಯಮಂತ್ರಿಗಳು ಹಾಗೆ ಬಿಟ್ಟಾರು, ನೀವೇ ಎಣಿಸಿ.

ನೇಪಾಳವನ್ನೂ ಎತ್ತುತ್ತಾರೆ. ಶಾಂತಿ ಒಪ್ಪಂದ 2006ರ ನವೆಂಬರ್ 21ರದು. ಶಸ್ತ್ರಗಳನ್ನು ಕಂಟೇನರುಗಳಲ್ಲಿಟ್ಟು ಬೀಗ ಜಡಿದರು. ಕಾವಲಿಗೆ ವಿಶ್ವಸಂಸ್ಥೆಯವರು, ಕೀಲಿಕೈ ಮಾತ್ರ ಮಾವೋವಾದಿಗಳ ಬಳಿ. ಮೊದಲ ಸಂವಿಧಾನ ಸಭೆ ಸಂವಿಧಾನ ಬರೆಯಲಾಗದೆ 2012ರಲ್ಲಿ ವಿಸರ್ಜನೆಯಾಯಿತು. ಎರಡನೆಯದು 2015ರ ಸೆಪ್ಟೆಂಬರ್ 20ಕ್ಕೆ ಅಂತೂ ಮುಗಿಸಿತು. ಯುದ್ಧ ನಿಂತು ಒಂಬತ್ತು ವರ್ಷಕ್ಕೆ ಬಂದ ಸಂವಿಧಾನ ಯುದ್ಧ ನಿಲ್ಲಿಸಿತು ಎನ್ನುವುದನ್ನು ಯಾವ ನ್ಯಾಯಾಧೀಶರೂ ಒಪ್ಪಲಾರರು. ತಾತ್ಕಾಲಿಕ ಸಂವಿಧಾನ ಇತ್ತಲ್ಲ ಎನ್ನುತ್ತೀರಿ. ಇತ್ತು, ಇರಲಿ. ಆದರೆ 2015ರದು ಬಂದ ವರ್ಷವೇ ಭಾರತದ ಗಡಿಗಂಟಿದ ತರಾಯಿ ಬಯಲಿನ ಮಧೇಸಿಗಳು ಬೀದಿಗಿಳಿದರು, ಐವತ್ತಕ್ಕೂ ಹೆಚ್ಚು ಜನ ಸತ್ತರು, ಗಡಿಯಲ್ಲಿ ಲಾರಿ ನಿಂತು ಕಠ್ಮಂಡುವಿನಲ್ಲಿ ಅಡುಗೆ ಅನಿಲ ಸಿಗದಾಯಿತು. ಇಥಿಯೋಪಿಯಾದವರು 1995ರ ಸಂವಿಧಾನದ 39ನೇ ವಿಧಿಯಲ್ಲಿ ಬೇರೆಯಾಗಿ ಹೋಗುವ ಹಕ್ಕನ್ನೇ ಬರೆದುಕೊಟ್ಟರು. ಅದಕ್ಕಿಂತ ದೊಡ್ಡ ಸುಧಾರಣೆ ಉಂಟೇ? 2020ರಲ್ಲಿ ಅಲ್ಲಿನದೇ ಟಿಗ್ರೆ ಪ್ರಾಂತದಲ್ಲಿ ಯುದ್ಧ ಆಯಿತು.

ನಮ್ಮ ಮನೆಯಂಗಳದಲ್ಲೇ ನಡೆದದ್ದು ನೋಡಿ. 1947ರ ನವೆಂಬರ್ 29ರಂದು ನಿಜಾಮರ ಜೊತೆ ಯಥಾಸ್ಥಿತಿ ಒಪ್ಪಂದವಾಯಿತು. ಆಮೇಲೆ ದಿಲ್ಲಿಗೂ ಹೈದರಾಬಾದಿಗೂ ನಡುವೆ ಕರಡಿನ ಮೇಲೆ ಕರಡು ಓಡಾಡಿದವು. ಆ ಅವಧಿಯಲ್ಲೇ ರಜಾಕಾರರ ಹಾವಳಿ ಹೆಚ್ಚಿದ್ದು. ಮುಗಿದದ್ದು 1948ರ ಸೆಪ್ಟೆಂಬರ್ 13ರಿಂದ 17ರವರೆಗಿನ ಸೈನಿಕ ಕಾರ್ಯಾಚರಣೆಯಿಂದ. ಅದರ ಬೆನ್ನಿಗೆ ಹಳ್ಳಿಗಳಲ್ಲಿ ನಡೆದ ಕೊಲೆಗಳ ಬಗ್ಗೆ ಪಂಡಿತ್ ಸುಂದರಲಾಲ್ ಸಮಿತಿ ಬರೆದದ್ದನ್ನು ಓದಿದವರಿಗೆ ಸೈನ್ಯದ ದಾರಿಯೂ ಹೂವಿನ ದಾರಿಯಲ್ಲ ಎಂದು ಗೊತ್ತು. ನನ್ನ ಕಕ್ಷಿಗೆ ಇದು ಅನುಕೂಲದ ಸಾಕ್ಷಿಯಲ್ಲ, ಮುಂದೆ ಹೋಗುತ್ತೇನೆ.

ಕರ್ನಾಟಕದ ನಕ್ಸಲರು? 2025ರ ಜನವರಿ 8ರಂದು ಆರು ಜನ ಮುಖ್ಯಮಂತ್ರಿಗಳ ಎದುರು ಶರಣಾದರು. ಪೊಲೀಸರ ಒತ್ತಡ, ಪುನರ್ವಸತಿ ಪ್ಯಾಕೇಜು, ನಡುವೆ ಓಡಾಡಿದ ನಾಗರಿಕರು. ಸಂವಿಧಾನದ ಒಂದು ಅಲ್ಪವಿರಾಮವೂ ಬದಲಾಗಲಿಲ್ಲ. ಅತ್ತ ಛತ್ತೀಸಗಡದಲ್ಲಿ ಆದಿವಾಸಿ ಗ್ರಾಮಸಭೆಗೆ ಅಧಿಕಾರ ಕೊಡುವ ಪೆಸಾ ಕಾಯ್ದೆ 1996ರಲ್ಲೇ ಬಂದಿತ್ತು. ರಾಜ್ಯ ಅದಕ್ಕೆ ನಿಯಮ ಮಾಡಿದ್ದು 2022ರಲ್ಲಿ. ಇನ್ನು ಲಡಾಖಿನವರು ಬುಡಕಟ್ಟು ಪ್ರದೇಶಕ್ಕೆ ಸ್ವಾಯತ್ತ ಮಂಡಳಿ ಕೊಡುವ ಆರನೇ ಅನುಸೂಚಿ ಕೊಡಿ ಎಂದು ಉಪವಾಸ ಕೂತು ಕೇಳಿದರು, ಸಿಕ್ಕಿಲ್ಲ. ಕೋವಿ ಹಿಡಿದವರಿಗೆ ವಿಧಿ, ಅರ್ಜಿ ಹಿಡಿದವರಿಗೆ ಮುಂದಿನ ತಾರೀಖು ಎಂದರೆ ಅರ್ಜಿ ಹಿಡಿದವರು ಏನು ಕಲಿಯಬೇಕು?

ಅರ್ಜಿ ಅಂದಕೂಡಲೇ 371ಜೆ ನೆನಪಾಗುತ್ತದೆ. ಅದು ನಮ್ಮದು, ಕಲ್ಯಾಣ ಕರ್ನಾಟಕದ ಜಿಲ್ಲೆಗಳಿಗೆ ಕೆಲಸ, ಓದಿನಲ್ಲಿ ಮೀಸಲು ಕೊಡುವ ವಿಧಿ, 98ನೇ ತಿದ್ದುಪಡಿ, ಒಂದು ಗುಂಡೂ ಹಾರದೆ ಬಂದದ್ದು. ಬಳ್ಳಾರಿ ನಿಜಾಮರ ಸೀಮೆಯಲ್ಲ. ಮದ್ರಾಸಿನಲ್ಲಿದ್ದು 1953ರ ಅಕ್ಟೋಬರ್ 1ಕ್ಕೆ ಮೈಸೂರು ಸೇರಿದ್ದು. ಆದರೂ ಪಟ್ಟಿಯಲ್ಲಿ ನಮ್ಮ ಹೆಸರಿದೆ, ಅದಕ್ಕೆ ಕೆಲವರಿಗೆ ಹೊಟ್ಟೆಯುರಿ. ನನ್ನ ತಂಗಿಯ ಮಗಳು ಹಗರಿಬೊಮ್ಮನಹಳ್ಳಿಯವಳು. ಕೆಲಸಕ್ಕೆ ಆಯ್ಕೆಯಾಗಿ ದಾಖಲೆ ಪರಿಶೀಲನೆಗೆಂದು ಬೆಂಗಳೂರಿನ ಒಂದು ಕಚೇರಿಗೆ ಹೋದಳು. 2021ರಲ್ಲಿ ಬಳ್ಳಾರಿ ಒಡೆದು ವಿಜಯನಗರ ಜಿಲ್ಲೆಯಾಗಿತ್ತಲ್ಲ, ಅವಳ ಪ್ರಮಾಣಪತ್ರದಲ್ಲಿ ಹೊಸ ಜಿಲ್ಲೆಯ ಹೆಸರು. ಗುಮಾಸ್ತರು ಮೇಜಿನ ಗಾಜಿನ ಕೆಳಗಿದ್ದ ಹಾಳೆಯ ಮೇಲೆ ಬೆರಳಿಟ್ಟು ಓದಿದರಂತೆ: ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ. "ವಿಜಯನಗರ ಎಲ್ಲಿದೆಯಮ್ಮ ಇದ್ರಲ್ಲಿ?" ಹುಡುಗಿ ಅಳುತ್ತ ಫೋನು ಮಾಡಿದಳು, ನಾನು ರಾತ್ರಿ ಬಸ್ಸು ಹತ್ತಿದೆ. ಬೆಳಗ್ಗೆ ರಾಜ್ಯಪತ್ರದ ಪ್ರತಿ ತೋರಿಸಿದೆ, ಭೂಗೋಳ ಹೇಳಿದೆ, ಹಳೇ ಜಿಲ್ಲೆಯ ತುಂಡು ಆಕಾಶದಿಂದ ಬಿದ್ದದ್ದಲ್ಲ ಎಂದು ಕೋರ್ಟಿನ ಗಂಟಲಲ್ಲೇ ವಾದಿಸಿದೆ. ಆತ ಸಮಾಧಾನವಾಗಿ ಕೇಳಿಸಿಕೊಂಡು, "ಎಲ್ಲಾ ಗೊತ್ತು ಸಾರ್. ಆದ್ರೆ ನನ್ನ ಲಿಸ್ಟಲ್ಲಿ ಇಲ್ಲ. ಒಂದು ಕ್ಲಾರಿಫಿಕೇಶನ್ ತಂದ್ಬಿಡಿ" ಅಂದ. ಯಾರಿಂದ ಎಂದರೆ ಮೇಲಿನವರಿಂದ. ಮೇಲಿನವರು ಊಟಕ್ಕೆ ಹೋಗಿದ್ದರು, ಊಟವಾದ ಮೇಲೆ ಮೀಟಿಂಗಿಗೆ. ಕೆಲಸ ಸಿಕ್ಕಿತು, ಸುಳ್ಳು ಹೇಳಬಾರದು. ಸಿಗುವಷ್ಟರಲ್ಲಿ ಜೊತೆಯವರೆಲ್ಲ ಸೇರಿ ಸಂಬಳ ಎಣಿಸುತ್ತಿದ್ದರು. 'ಸಿ' ದರ್ಜೆಯಲ್ಲಿ ಶೇ 80, 'ಡಿ' ದರ್ಜೆಯಲ್ಲಿ ಶೇ 85 ಹುದ್ದೆ ಸ್ಥಳೀಯರಿಗೆ ಎಂದು ಭಾಷಣದಲ್ಲಿ ಹೇಳುವವರು ಆ ಮೇಜಿನ ಮುಂದೆ ಒಮ್ಮೆ ನಿಂತು ಬರಲಿ. ನಾವು ಕೋಪ ಬಂದರೆ ತಹಶೀಲ್ದಾರರಿಗೆ ಮನವಿ ಕೊಡುವ ಜನ. ಮನೆಯಲ್ಲಿ ಬಂದೂಕು ಇಟ್ಟುಕೊಂಡವನನ್ನು ಇದೇ ಮೇಜಿನ ಮುಂದೆ ನಿಲ್ಲಿಸಿ ಕ್ಲಾರಿಫಿಕೇಶನ್ ತಾ ಎಂದರೆ?

ವಿಷಯಕ್ಕೆ ಬರುತ್ತೇನೆ. 2015ರ ಆಗಸ್ಟ್ 3ರಂದು ನಾಗಾ ಮುಖಂಡರೊಡನೆ ಚೌಕಟ್ಟು ಒಪ್ಪಂದಕ್ಕೆ ಸಹಿಯಾಯಿತು. ಆಮೇಲಿನ ಮಾತುಕತೆ ಸಿಕ್ಕಿಕೊಂಡದ್ದು ಎರಡರ ಮೇಲೆ: ತಮ್ಮದೇ ಧ್ವಜ, ತಮ್ಮದೇ ಸಂವಿಧಾನ. ನಮ್ಮ ಸಂವಿಧಾನ ತಿದ್ದಿ ಅದರೊಳಗೆ ಇನ್ನೊಂದು ಸಂವಿಧಾನ ಕೂರಿಸುವುದು ಯಾವ ವಿಧಿಯ ಕೆಳಗೆ ಎಂದು ಪರ ಬರೆದವರು ಕರಡು ಮಾಡಿ ಕೊಡಲಿ, ನಾನು ಓದಿ ಆಕ್ಷೇಪಣೆ ಸಲ್ಲಿಸುತ್ತೇನೆ.